ಟಿ.ವಿ. ಡಬ್ಬಿಯ ಎರಡು ತೂತು

ಶೇಖರಪ್ಪನವರಿಗೆ ಅನುಮಾನದ ಕಾಯಿಲೆ ಇತ್ತು. ಜಾಲಹಳ್ಳಿಯಿಂದ ಬಾಗಲಗುಂಟೆಯವರೆಗಿನ ಯಾವ ಡಾಕ್ಟರ ಬಳಿಯೂ ಅದಕ್ಕೆ ಮದ್ದಿರಲಿಲ್ಲ. ಇದ್ದಿದ್ದರೂ ಶೇಖರಪ್ಪನವರು ಆ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದರಲ್ಲೇನೋ ಇದೆ" ಎಂದು ವಾಪಸು ಕೊಟ್ಟುಬಿಡುತ್ತಿದ್ದರು.

ಬೇರೆಯವರಿಗೆ ಕಾಯಿಲೆಯಾದದ್ದು ಅವರಿಗೆ ಕಸುಬಾಗಿತ್ತು. ಪೀಣ್ಯದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅವರು ಕ್ವಾಲಿಟಿ ಇನ್ಸ್‌ಪೆಕ್ಟರ್. ಮಷಿನ್ನುಗಳು ಉಗುಳಿದ ಒಂದೊಂದು ಮುಚ್ಚಳವನ್ನೂ ತಿರುಗಿಸಿ, ಉಜ್ಜಿ, ಮೂಸಿ, ಅಳೆದು, ಚೆನ್ನಾಗಿದ್ದರೆ "ಯಾಕೆ ಚೆನ್ನಾಗಿದೆ?" ಎಂದು ಯೋಚಿಸುವುದು ಅವರ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಅನುಮಾನಪಡಲು ಅವರಿಗೆ ಸಂಬಳ ಬರುತ್ತಿತ್ತು. ಉಳಿದ ಹೊತ್ತು ಅದನ್ನೇ ಅವರು ಪುಕ್ಕಟೆಯಾಗಿ ಮಾಡುತ್ತಿದ್ದರು. ಹಾಲು ನಿನ್ನೆಗಿಂತ ಗಟ್ಟಿಯಾಗಿದ್ದರೆ ಹಾಲಿನವನ ಮೇಲೆ ಗುಮಾನಿ. ಎದುರುಮನೆಯವರು ಒಂದೇ ದಿನ ಎರಡು ಸಲ ನಮಸ್ಕಾರ ಹೇಳಿದರೆ ಎರಡನೆಯದರ ಮೇಲೆ ಗುಮಾನಿ. ಹುಬ್ಬಳ್ಳಿಯಿಂದ ಅಳಿಯ ಫೋನು ಮಾಡಿ "ಹೇಗಿದೀರಿ ಮಾವ?" ಎಂದರೆ, "ಯಾಕೆ? ಯಾರೇನಂದ್ರು?" ಎನ್ನುತ್ತಿದ್ದರು. ಅಳಿಯ ಈಗ ನೇರವಾಗಿ ಅತ್ತೆಗೇ ಫೋನು ಮಾಡುತ್ತಾನೆ. ಯಾಕೆ ಎಂದು ಶೇಖರಪ್ಪನವರಿಗೆ ಅನುಮಾನವಿದೆ.

ಇಂಥವರ ಬದುಕಿನಲ್ಲೂ ಒಂದು ಆಸೆ ಹುಟ್ಟಿತು. ಕಾರ್ಖಾನೆಯ ಚೀಫ್ ಇನ್ಸ್‌ಪೆಕ್ಟರು ನಿವೃತ್ತರಾಗುವವರಿದ್ದರು. ಅವರಿಗೊಂದು ಗಾಜಿನ ಕೋಣೆ ಇತ್ತು, ಒಳಗೆ ಎ.ಸಿ., ತಿರುಗುವ ಕುರ್ಚಿ. ಒಂದು ಮಧ್ಯಾಹ್ನ ಮ್ಯಾನೇಜರ್ ವೆಂಕಟರಮಣಪ್ಪನವರು ಶೇಖರಪ್ಪನವರನ್ನು ಕರೆದು, ಬೈಟು ಕಾಫಿ ತರಿಸಿ, ಪೇಪರು ಫೈಲುಗಳ ರಾಶಿಯ ನಡುವೆ ಸಿಕ್ಕ ಜಾಗದಲ್ಲಿ ಲೋಟ ಇಟ್ಟುಕೊಂಡು, "ಆ ಕೋಣೆ ನಿಮ್ಮದೇ ಅಂದ್ಕೊಳ್ರಿ ಶೇಖರಪ್ಪನವ್ರೆ. ಇನ್ನೊಂದು ಸ್ವಲ್ಪ ದಿನ ಹುಷಾರಾಗಿದ್ರೆ ಸಾಕು" ಎಂದರು. ಶೇಖರಪ್ಪನವರ ಮೈ ಜುಮ್ಮೆಂದಿತು. ಆದರೂ ಒಂದು ಕಾಫಿಯನ್ನು ಇಬ್ಬರಿಗೆ ಹಂಚಿಸಿದ ಈ ಮನುಷ್ಯ ಒಂದು ಕೋಣೆಯನ್ನು ಪೂರ್ತಿ ಕೊಡುತ್ತಾನೆಯೇ ಎಂಬ ಪ್ರಶ್ನೆ ಕಾಫಿ ಮುಗಿಯುವ ಮೊದಲೇ ಅವರ ತಲೆಯಲ್ಲಿ ಎದ್ದಿತ್ತು.

ಅದೇ ವಾರ ಕಾರ್ಖಾನೆಗೆ ಹೊಸ ಆರ್ಡರ್ ಬಂದಿತ್ತು. ಟಿ.ವಿ. ಪಕ್ಕದಲ್ಲಿ ಕುಳಿತು ಇಂಟರ್‌ನೆಟ್ಟಿನಿಂದ ಸಿನಿಮಾ, ಧಾರಾವಾಹಿ ಇಳಿಸಿಕೊಡುವ ಡಬ್ಬಿ ಇರುತ್ತದಲ್ಲ, ಅದರ ಹೊಸ ಮಾಡೆಲ್‌ನ ಹೊರಕವಚ ಮಾಡಿಕೊಡಬೇಕು. ಒಳಗೆ ಏನು ತುಂಬುತ್ತಾರೆ ಎನ್ನುವುದು ವೈಟ್‌ಫೀಲ್ಡ್ ಕಡೆಯ ಡಬ್ಬಿ ಕಂಪನಿಯವರಿಗೆ ಬಿಟ್ಟದ್ದು. ಕವಚ ಎರೆಯುವ ಮೋಲ್ಡ್ ಇನ್ನೂ ಬಂದಿರಲಿಲ್ಲ. ಡ್ರಾಯಿಂಗ್ ಮಾತ್ರ ಬಂದಿತ್ತು, ಕಾಫಿಯ ಮರುದಿನ ಅದರ ಜೆರಾಕ್ಸ್ ಪ್ರತಿ ಶೇಖರಪ್ಪನವರ ಟೇಬಲ್ಲಿಗೆ ಬಂತು.

ಅವರು ನೋಡಿದರು. ಮುಚ್ಚಳದ ಮುಂಭಾಗದಲ್ಲಿ ಎರಡು ವೃತ್ತಗಳು. ಅಕ್ಕಪಕ್ಕ, ಒಂದೇ ಗಾತ್ರ, ಕಪ್ಪು ಗೆರೆ. ಉಳಿದ ಎಲ್ಲ ಗೆರೆಗೂ ಅಳತೆ ಬರೆದಿದೆ. ಈ ಎರಡಕ್ಕೆ ಮಾತ್ರ ಇಲ್ಲ. ಬೇರೆ ಯಾರೇ ಆಗಿದ್ದರೂ ಎದ್ದು ಹೋಗಿ, "ಸಾರ್, ಇದೇನು?" ಎಂದು ಕೇಳುತ್ತಿದ್ದರು. ಕೇಳಿ ತಿಳಿಯುವುದು ಶೇಖರಪ್ಪನವರ ಜಾಯಮಾನವಲ್ಲ. ಅಳತೆ ಬರೆದಿಲ್ಲವೆಂದರೆ ಮರೆತಿದ್ದಾರೆ ಎಂದಲ್ಲ, ಮುಚ್ಚಿಟ್ಟಿದ್ದಾರೆ ಎಂದು ಅವರು ತೀರ್ಮಾನಿಸಿದರು. ಆದರೆ ಏನನ್ನು?

ಉತ್ತರ ಭಾನುವಾರ ಸಿಕ್ಕಿತು. ಬಾಗಲಗುಂಟೆಯಲ್ಲಿ ಅವರ ಮನೆಯ ತಿರುವಿನಲ್ಲೇ ಸಂಗಣ್ಣನ ಮೊಬೈಲ್ ಅಂಗಡಿ. ಸಿಂದಗಿ ಕಡೆಯಿಂದ ಬಂದು ಅಂಗಡಿ ಹಾಕಿದ ಸಂಗಣ್ಣನಿಗೆ ರೀಚಾರ್ಜಿಗಿಂತ ಸುದ್ದಿಯ ವ್ಯಾಪಾರ ಹೆಚ್ಚು. ಅವನು ಫೋನಿನಲ್ಲಿ ಯಾರೋ ಗಡ್ಡದ ಹುಡುಗನ ವಿಡಿಯೋ ಹಾಕಿಕೊಂಡು ನಾಲ್ಕಾರು ಗಿರಾಕಿಗಳಿಗೆ ತೋರಿಸುತ್ತಿದ್ದ. ಟಿ.ವಿ. ಡಬ್ಬಿಯ ಹೊಸ ಮಾಡೆಲ್‌ನಲ್ಲಿ ಗೇಮು ಬರಬಹುದು, ಬರದೆಯೂ ಇರಬಹುದು, ನಿಮಗೇನನ್ನಿಸುತ್ತೆ ಕೆಳಗೆ ಬರೆಯಿರಿ ಎಂದು ಆ ಹುಡುಗ ಹೇಳುತ್ತಿದ್ದ.

ಶೇಖರಪ್ಪನವರ ತಲೆಯಲ್ಲಿ ಎರಡು ವೃತ್ತಗಳು ಧಗ್ಗನೆ ಬೆಳಗಿದವು. ಗೇಮು! ಎರಡು ತೂತಿಗೆ ಎರಡು ವೈರು, ಎರಡು ಹಿಡಿ, ಇಬ್ಬರು ಆಟಗಾರರು!

"ಬರಬಹುದಂತೆ, ಬರದೇ ಇರಬಹುದಂತೆ," ಎಂದರು ಅವರು. "ಇದನ್ನ ಹೇಳೋಕೆ ಗಡ್ಡ ಬೇರೆ ಬಿಡಬೇಕಾ?"

"ಹಂಗಾರ ಬರೂದಿಲ್ಲ ಅಂತೀರೇನ್ರಿ ಸರ?" ಎಂದ ಸಂಗಣ್ಣ.

"ನಾನೇನೂ ಹೇಳೋ ಹಾಗಿಲ್ಲ."

ಇದು ಬಹಳ ಅಪಾಯದ ಮಾತು. ನಿಜವಾಗಿ ಏನೂ ಹೇಳದಿರುವವರು ಯಾರೂ ಈ ಮಾತನ್ನು ಆಡುವುದಿಲ್ಲ. ಅಂಗಡಿಯ ಮುಂದಿದ್ದವರೆಲ್ಲ ಫೋನು ಬಿಟ್ಟು ಶೇಖರಪ್ಪನವರ ಮುಖ ನೋಡತೊಡಗಿದರು. ಇಷ್ಟು ವರ್ಷ ಬಾಗಲಗುಂಟೆಯಲ್ಲಿದ್ದರೂ ಇಷ್ಟು ಜನ ಒಟ್ಟಿಗೆ ಅವರ ಮುಖ ನೋಡಿರಲಿಲ್ಲ.

"ಎರಡು ತೂತಿದೆ," ಎಂದು ಅವರು ದನಿ ತಗ್ಗಿಸಿದರು. "ಡ್ರಾಯಿಂಗ್ ನೋಡಿರೋನು ನಾನು. ಇಬ್ಬರು ಕೂತು ಆಡೋ ಹಾಗೆ. ಇದಕ್ಕಿಂತ ಜಾಸ್ತಿ ನನ್ನ ಬಾಯಿ ಬಿಡಿಸಬೇಡಿ."

ಜಾಸ್ತಿ ಬಿಡಿಸಲು ಆ ಬಾಯಿಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಮಂತ್ರಿಗಳ ನಡಿಗೆಯಲ್ಲಿ ಮನೆಗೆ ಬಂದರು. ಬಾಗಿಲು ತೆಗೆದ ಹೆಂಡತಿ ಮಹಾಂತಮ್ಮ, "ಏನ್ರೀ ಒಬ್ಬೊಬ್ಬರೇ ನಗ್ತಿದೀರಿ?" ಎಂದರು. "ಯಾಕೆ, ನಗಬಾರ್ದಾ?" ಎಂದು ಶೇಖರಪ್ಪನವರು ಸೀದಾ ಒಳಗೆ ಹೋದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ನಮ್ಮಲ್ಲಿ ಬರವಿಲ್ಲ. ಬಾಗಲಗುಂಟೆಯ ಜನ ಇನ್ನೂ ಮುಂದುವರಿದವರು. ಕರು ಗಂಡೋ ಹೆಣ್ಣೋ ಎಂದು ಕೇಳಿ, ಹೆಸರನ್ನೂ ಇಟ್ಟುಬಿಟ್ಟರು.

ಗುರುವಾರ ಬೆಳಿಗ್ಗೆ ವೆಂಕಟರಮಣಪ್ಪನವರು ಶೇಖರಪ್ಪನವರನ್ನು ಕರೆಸಿದರು. ಈ ಸಲ ಕಾಫಿ ಇರಲಿಲ್ಲ. ಟೇಬಲ್ ಮೇಲೆ ಅವರ ಫೋನು, ಫೋನಿನಲ್ಲಿ ಅದೇ ಗಡ್ಡದ ಹುಡುಗ. ಪೀಣ್ಯದ ಅತ್ಯಂತ ನಂಬಲರ್ಹ ಮೂಲಗಳ ಪ್ರಕಾರ ಹೊಸ ಡಬ್ಬಿಯಲ್ಲಿ ಗೇಮು ಬರುವುದು ಖಚಿತ, ಅದಕ್ಕೆ ಆರು ತೂತು, ಜೊತೆಗೊಂದು ಸ್ಟಿಯರಿಂಗು, ಪ್ಲಾಸ್ಟಿಕ್ ಕೋವಿ ಎಂದು ಅವನು ಕೂಗುತ್ತಿದ್ದ.

"ನೋಡಿದ್ರಾ? ಡಬ್ಬಿ ಕಂಪನಿಯವರು ಕೆಂಡ ಆಗಿದಾರೆ. ನಾಳೆ ಅವರ ಕಡೆಯ ಮೇಡಂ ಬರ್ತಾರಂತೆ. ನಮ್ಮೋರೇ ಯಾರೋ ಬಾಯಿಬಿಟ್ಟಿದಾರೆ. ಯಾರು ಅಂತ ಕಂಡುಹಿಡೀಬೇಕು. ಇಡೀ ಫ್ಯಾಕ್ಟರೀಲಿ ಎಲ್ಲರ ಮೇಲೂ ಅನುಮಾನ ಇರೋ ಮನುಷ್ಯ ನೀವೊಬ್ಬರೇ ಕಣ್ರೀ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಶೇಖರಪ್ಪನವರು ಮುಟ್ಟಿ ನೋಡಿಕೊಳ್ಳಲಿಲ್ಲ. ಅವರಿಗೆ ಮೋಸ ಮಾಡುವ ಇರಾದೆ ಇರಲಿಲ್ಲ. ಅವರ ಲೆಕ್ಕವೇ ಬೇರೆಯಾಗಿತ್ತು. ನಾನು ಹೇಳಿದ್ದು ಎರಡು, ಇದು ಆರು. ಸ್ಟಿಯರಿಂಗು ನನಗೇ ಗೊತ್ತಿಲ್ಲ. ಅಂದಮೇಲೆ ನನಗಿಂತ ಹೆಚ್ಚು ತಿಳಿದವನೊಬ್ಬ ಈ ಕಾರ್ಖಾನೆಯಲ್ಲಿದ್ದಾನೆ! ಅವರ ರಕ್ತ ಕುದಿಯಿತು.

"ಸಂಜೆ ಒಳಗೆ ಹಿಡಿದುಕೊಡ್ತೀನಿ ಸಾರ್," ಎಂದರು.

"ಹಿಡಿದ್ರೆ ಗಾಜಿನ ಕೋಣೆ ನಿಮ್ಮದು," ಎಂದರು ಮ್ಯಾನೇಜರು.

ಶೇಖರಪ್ಪನವರು ಕಾರ್ಖಾನೆಯೊಳಗೆ ಹೊರಟರು. ಗೇಟಿನ ವಾಚ್‌ಮನ್ ಎಂದಿಗಿಂತ ಜೋರಾಗಿ ಸಲ್ಯೂಟ್ ಹೊಡೆದ. ಅವನ ಮೇಲೆ ಕಣ್ಣಿಟ್ಟರು. ಪ್ಯಾಕಿಂಗ್ ವಿಭಾಗದ ಹೆಂಗಸರು ಇವರನ್ನು ನೋಡಿ ಮಾತು ನಿಲ್ಲಿಸಿದರು. ಅವರ ಮೇಲೂ ಇಟ್ಟರು. ಕ್ಯಾಂಟೀನಿನ ಸಾರು ಅವತ್ತು ರುಚಿಯಾಗಿತ್ತು; ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯಲ್ಲಿ ಗುಮಾನಿಗೆ ಹೊರತಾಗಿ ಉಳಿದವರೆಂದರೆ ಅವರೊಬ್ಬರೇ.

ಆಗ ಮೋಲ್ಡಿಂಗ್ ಮಷಿನ್ನಿನ ಪಕ್ಕದಲ್ಲಿದ್ದ ಮುತ್ತು ಎದುರಾದ. ಇಳಕಲ್ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ, ಯಾರ ತಂಟೆಗೂ ಹೋದವನಲ್ಲ. ಮೊನ್ನೆಯಷ್ಟೇ ಬಾಗಲಗುಂಟೆಯಲ್ಲಿ ಒಂದು ಖೋಲಿ ಹಿಡಿದಿದ್ದ. ಮದುವೆಯಾದಂದಿನಿಂದ ಊರಲ್ಲೇ ಇದ್ದ ಹೆಂಡತಿ ಸುಮಂಗಲಾ ಸಾಮಾನು ಸರಂಜಾಮಿನೊಂದಿಗೆ ನಾಳೆ ಬರುವವಳಿದ್ದಳು. ಆ ಖುಷಿಯಲ್ಲಿ ಅವನು ಎಂದೂ ಮಾಡದ ಒಂದು ಕೆಲಸ ಮಾಡಿದ: ಶೇಖರಪ್ಪನವರನ್ನು ತಾನಾಗಿ ಮಾತಾಡಿಸಿದ.

"ಸರ, ಆ ಆರು ತೂತಿನ ಡಬ್ಬಿ ಯಾವಾಗ ಬರತೈತ್ರಿ?"

ಶೇಖರಪ್ಪನವರು ನಿಂತಲ್ಲೇ ನಿಂತರು. "ಆರು ಅಂತ ನಿನಗ್ಯಾರು ಹೇಳಿದ್ರು?"

"ಎಲ್ಲಾರೂ ಅನ್ನಾಕತ್ತಾರ್ರಿ."

"ಎಲ್ಲಾರೂ ಅಂದ್ರೆ ಯಾರೂ ಅಲ್ಲ ಅಂತ ಅರ್ಥ. ಯಾಕೆ ಬೆವರ್ತಿದೀಯ?"

"ಮಷಿನ್ ಬಾಜೂಕ ನಿಂತೇನ್ರಿ ಸರ."

"ಮೊನ್ನೆ ಅರ್ಧ ದಿನ ರಜೆ ಹಾಕಿದ್ಯಲ್ಲ, ಎಲ್ಲಿಗೆ ಹೋಗಿದ್ದೆ?"

"ಖೋಲಿ ನೋಡಾಕ ಹೋಗಿದ್ನಿರಿ. ಹೆಂಡ್ತಿ ಬರತಾಳ್ರಿ."

"ಹೆಂಡ್ತಿ ಬರೋದಕ್ಕೂ ಡಬ್ಬಿ ಬರೋದಕ್ಕೂ ಏನು ಸಂಬಂಧ?"

ಮುತ್ತು ಬಾಯಿ ತೆರೆದ. ಯಾವ ಸಂಬಂಧವೂ ಇಲ್ಲದ ಎರಡು ವಿಷಯಗಳಿಗೆ ಏನು ಸಂಬಂಧ ಎಂದು ಕೇಳಿದರೆ ಪಂಡಿತರೇ ತಬ್ಬಿಬ್ಬಾಗುತ್ತಾರೆ. ಮುತ್ತು ಬಾಯಿ ತೆರೆದೇ ಉಳಿದ. ಶೇಖರಪ್ಪನವರಿಗೆ ಅಷ್ಟು ಸಾಕಾಯಿತು. ಸಂಜೆ ಮ್ಯಾನೇಜರಿಗೆ ಹೆಸರು ಕೊಟ್ಟರು.

ವೆಂಕಟರಮಣಪ್ಪನವರು ಮುತ್ತುವಿನ ಗೇಟ್ ಪಾಸ್ ಕಿತ್ತುಕೊಂಡರು. ನಾಳೆ ಮೇಡಂ ಮುಂದೆ ನಿಲ್ಲಿಸಿ, ಹಾಗೇ ಮನೆಗೆ ಕಳಿಸುವುದೆಂದು ನಿಶ್ಚಯವಾಯಿತು. ಮುತ್ತು ಕೈಮುಗಿದು, "ಸರ, ನಾ ಏನೂ ಮಾಡಿಲ್ರಿ. ಮೆಸ್ಸಿನ್ಯಾಗ ಸಿದ್ದಕ್ಕ ಅಂದಿದ್ದು ಕೇಳೇನಷ್ಟ," ಎಂದ. "ಎಲ್ಲರೂ ಹಾಗೇ ಅನ್ನೋದು," ಎಂದರು ಶೇಖರಪ್ಪನವರು. ಆದರೆ ಮ್ಯಾನೇಜರು ಜಾಣರು. ಸುದ್ದಿ ಯಾರಿಂದ ಯಾರಿಗೆ ಹೋಯಿತು ಎಂದು ಮೇಡಂ ಕೇಳುತ್ತಾರೆ, ಆ ಸಿದ್ದಕ್ಕನನ್ನೂ ವಿಚಾರಿಸಿಕೊಂಡು ಬನ್ನಿ ಎಂದು ಅಟ್ಟಿದರು.

ಸಿದ್ದಕ್ಕ ಬಾಗಲಗುಂಟೆಯಲ್ಲಿ ರೊಟ್ಟಿ ಖಾನಾವಳಿ ನಡೆಸುವವಳು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಹುಡುಗರೆಲ್ಲ ಉಣ್ಣುವುದು ಅಲ್ಲೇ. ರೊಟ್ಟಿ ಬಡಿಯುತ್ತಲೇ ಅವಳು ಉತ್ತರ ಕೊಟ್ಟಳು.

"ನಾನ ಹೇಳೀನ್ರಿ. ಯಾಕ ಸುಳ್ಳ ಹೇಳ್ಲಿ? ಆದರ ನಾ ಕೇಳಿದ್ದು ನಾಕು."

"ನಾಲ್ಕು ಆರು ಹೇಗಾಯ್ತು?"

"ಅವತ್ತ ಪಂಕ್ತಿಗೆ ಆರು ಮಂದಿ ಕುಂತಿದ್ರು. ನಾಕ ತೂತು ಅಂದ್ರ ನಾಕ ಮಂದಿ ಆಡತಾರ. ಇನ್ನಿಬ್ರು ಮಾರಿ ನೋಡಕೋತ ಕೂಡಬೇಕೇನ್ರಿ? ಪಾಪ ಅನಸ್ತು. ಆರು ಅಂದ್ಬಿಟ್ಟೆ. ನನ್ನ ಮನ್ಯಾಗ ಪಂಕ್ತಿಭೇದ ಇಲ್ರಿ."

"ಸ್ಟಿಯರಿಂಗು?"

"ಅದು ನಾ ಅಂದಿಲ್ರಿ. ಉಣ್ಣಾಕ ಬಂದ ಒಬ್ಬ ಡ್ರೈವರ್ ಹುಡುಗ ಅಂದ. ಕೋವಿ ಅಂದವ ಎ.ಟಿ.ಎಮ್ ಕಾಯೂ ಮುದುಕಪ್ಪ. ಅವರವರ ಆಸೆ ಅವರಿಗೆ ಇರತೈತಲ್ರಿ. ಆಮ್ಯಾಲ ಅವ್ರಾ ಎಲ್ಲಾ ಕೂಡಿ ಆ ಗಡ್ಡದ ಹುಡುಗಗ ಬರದು ಹಾಕಿದ್ರು."

"ನಾಲ್ಕು ಅಂತ ನಿನಗೆ ಹೇಳಿದ್ದು ಯಾರು?"

"ಸಂಗಣ್ಣ. ಅವ ಮೊಬೈಲ್ ಅಂಗಡ್ಯಾಂವ."

ಸಂಗಣ್ಣನ ಹೆಸರು ಕೇಳಿದ್ದೇ ಶೇಖರಪ್ಪನವರಿಗೆ ವಿಚಾರಣೆ ಇಲ್ಲಿಗೇ ಸಾಕೆನ್ನಿಸಿತು. ಆದರೂ ಹೋದರು. ಸಂಗಣ್ಣ ಇವರನ್ನು ನೋಡಿ ಸ್ಟೂಲು ಬಿಟ್ಟು ಎದ್ದ.

"ನೀನು ನಾಲ್ಕು ಅಂದಿದ್ದು ಯಾಕೋ ಸಂಗಣ್ಣ?"

"ನೀವು ಎರಡು ಅಂದ್ರಲ್ರಿ ಸರ, ಅದಕ್ಕ."

"ಎರಡು ಅಂದ್ರೆ ಎರಡು ಅನ್ಬೇಕು!"

"ಹಂಗಲ್ರಿ. ನೀವು ಯಾವಾಗ್ಲೂ ಅರ್ಧಾ ಹೇಳಿ ಅರ್ಧಾ ಮುಚ್ಚಿಡೋ ಮನಷ್ಯಾರು. ಎರಡು ಅಂದ್ರ ಇನ್ನೆರಡು ಹೊಟ್ಟಿಯೊಳಗ ಇಟ್ಕೊಂಡಾರ ಅಂತ ತಿಳದ್ನಿ. ಕೂಡಿಸಿದ್ನಿ. ನಿಮ್ಮ ಹೆಸರು ಮಾತ್ರ ಎಲ್ಲೂ ಹೇಳಿಲ್ರಿ ಸರ. ಪೀಣ್ಯದಾಗಿನ ಭಾಳ ದೊಡ್ಡ ಅಧಿಕಾರಿ ಅಂತ ಅಷ್ಟ ಹೇಳೇನಿ."

ಈಗ ಶೇಖರಪ್ಪನವರು ಹೆಗಲು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಅಲ್ಲೇ ಇತ್ತು.

ಮನೆಗೆ ಬಂದವರು ಟಿ.ವಿ. ಹಾಕಲಿಲ್ಲ. ಸೋಫಾದಲ್ಲಿ ಕುಳಿತು, ಅಡುಗೆಮನೆಯತ್ತ ಮುಖ ಮಾಡಿ, ಯಾರದೋ ವಿಷಯವೆಂಬಂತೆ ಕೇಳಿದರು: "ಅಲ್ಲ ಕಣೇ, ಒಬ್ಬ ತಪ್ಪು ಮಾಡಿ ಇನ್ನೊಬ್ಬ ಸಿಕ್ಕಿಹಾಕ್ಕೊಂಡ ಅನ್ನು..."

"ನೀವೇನು ಮಾಡಿದ್ರಿ?" ಎಂದರು ಮಹಾಂತಮ್ಮ.

ಇಂಥ ಗಂಡನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಆ ಕಾಯಿಲೆ ಸ್ವಲ್ಪವಾದರೂ ಅಂಟದೆ ಇರುತ್ತದೆಯೇ? ಶೇಖರಪ್ಪನವರು ಎಲ್ಲವನ್ನೂ ಹೇಳಿಬಿಟ್ಟರು. ಗಾಜಿನ ಕೋಣೆ, ಎರಡು ತೂತು, ಪಂಕ್ತಿಭೇದ, ಮುತ್ತು, ನಾಳೆ ಊರಿಂದ ಬರುವ ಅವನ ಹೆಂಡತಿ, ಗೇಟ್ ಪಾಸ್. ಬಾಯಿಮುಚ್ಚಿಕೊಂಡಿದ್ದರೆ ನಾಳೆ ಕೋಣೆ ಸಿಗುತ್ತದೆ, ಬಾಯಿಬಿಟ್ಟರೆ ಇರುವ ಕೆಲಸವೂ ಹೋಗಬಹುದು ಎಂಬುದನ್ನೂ ಹೇಳಿದರು.

ಮಹಾಂತಮ್ಮ ಸೌಟು ಹಿಡಿದೇ ಹೊರಗೆ ಬಂದರು. "ಆ ಹುಡುಗಿ ಇಷ್ಟೊತ್ತಿಗೆ ಗಂಟುಮೂಟೆ ಕಟ್ಟಿ ಬಸ್ ಸ್ಟ್ಯಾಂಡಲ್ಲಿ ಕೂತಿರ್ತಾಳೆ ಕಣ್ರೀ," ಎಂದರು. ಅಷ್ಟು ಹೇಳಿ ಒಳಗೆ ಹೋದರು. ಅವತ್ತು ಶೇಖರಪ್ಪನವರಿಗೆ ಊಟ ಸೇರಲಿಲ್ಲ. ನಾಚಿಕೆಯಾಗಿತ್ತು, ಭಯವೂ ಆಗಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅಳೆಯಲು ಅವರ ಬಳಿ ಗೇಜ್ ಇರಲಿಲ್ಲ.

ಶುಕ್ರವಾರ ಡಬ್ಬಿ ಕಂಪನಿಯ ಸೌಮ್ಯಾ ಮೇಡಂ ಬಂದರು. ಹೆಸರು ಸೌಮ್ಯಾ. ಆದರೆ ವೈಟ್‌ಫೀಲ್ಡಿನಿಂದ ಪೀಣ್ಯದವರೆಗೆ ಬೆಳಗಿನ ಟ್ರಾಫಿಕ್ಕಿನಲ್ಲಿ ಬಂದ ಯಾವ ಮನುಷ್ಯರೂ ಹೆಸರಿಗೆ ತಕ್ಕಂತೆ ಉಳಿಯುವುದಿಲ್ಲ. ಮುತ್ತುವನ್ನು ಗೇಟಿನ ಹತ್ತಿರ ವಾಚ್‌ಮನ್ ಪಕ್ಕದ ಬೆಂಚಿನಲ್ಲಿ ಕೂರಿಸಿದ್ದರು. ಒಳಗೆ ಮೀಟಿಂಗ್ ರೂಮಿನಲ್ಲಿ ಮೇಡಂ, ಮ್ಯಾನೇಜರು, ಶೇಖರಪ್ಪನವರು.

"ಗೇಮ್ಸ್ ವಿಷಯ ನಮ್ಮ ಆಫೀಸಲ್ಲೇ ಐದು ಜನಕ್ಕೆ ಗೊತ್ತಿರೋದು," ಎಂದು ಸೌಮ್ಯಾ ಟೇಬಲ್ ಬಡಿದರು. "ನಿಮಗೆ ನಾವು ಕೊಟ್ಟಿದ್ದು ಬರೀ ಪ್ಲಾಸ್ಟಿಕ್ ಕವರ್ ಆರ್ಡರ್. ನಿಮ್ಮ ವರ್ಕರ್‌ಗೆ ಹೇಗೆ ಗೊತ್ತಾಯ್ತು ಸರ್? ಆತನ ಹಿಂದೆ ಯಾರಿದಾರೆ? ಯಾವ ಕಂಪನಿ?"

"ಕರೆಸ್ತೀನಿ ಮೇಡಂ, ನೀವೇ ಕೇಳಿ," ಎಂದು ವೆಂಕಟರಮಣಪ್ಪನವರು ಬೆಲ್ ಒತ್ತಲು ಕೈ ಚಾಚಿದರು.

ಶೇಖರಪ್ಪನವರು ಎದ್ದು ನಿಂತರು. "ಬೆಲ್ ಒತ್ತಬೇಡಿ ಸಾರ್. ಅವನಲ್ಲ. ಹೇಳಿದ್ದು ನಾನು."

ಕೈ ಬೆಲ್ಲಿನ ಮೇಲೆಯೇ ನಿಂತಿತು.

"ನೀವಾ? ನಿಮಗೆ ಯಾರು ಹೇಳಿದ್ದು?" ಎಂದರು ಸೌಮ್ಯಾ.

"ನಿಮ್ಮ ಡ್ರಾಯಿಂಗೇ ಹೇಳ್ತು ಮೇಡಂ," ಎಂದು ಶೇಖರಪ್ಪನವರು ಜೆರಾಕ್ಸ್ ಪ್ರತಿಯನ್ನು ಮುಂದಿಟ್ಟರು. "ಎರಡು ಸರ್ಕಲ್. ಡೈಮೆನ್ಷನ್ ಇಲ್ಲ. ಇಬ್ಬರು ಆಡೋಕೆ ಅಂತ ನಾನೇ ತಿಳ್ಕೊಂಡೆ. ಜಂಬಕ್ಕೆ ಹೇಳಿಬಿಟ್ಟೆ."

ಸೌಮ್ಯಾ ಹಾಳೆಯನ್ನು ಎತ್ತಿಕೊಂಡರು, ತಿರುಗಿಸಿದರು, ಬೆಳಕಿಗೆ ಹಿಡಿದರು. ಶೇಖರಪ್ಪನವರಿಗೆ ಆ ಭಂಗಿ ನೋಡಿ ಮೇಡಂ ಬಗ್ಗೆ ತುಸು ಗೌರವವೇ ಮೂಡಿತು.

"ನಾವು ಈ ಸರ್ಕಲ್ ಹಾಕೇ ಇಲ್ವಲ್ಲ," ಎಂದರು ಅವರು. "ಯಾರು ಸೇರಿಸಿದ್ದು ಇದನ್ನ? ಒರಿಜಿನಲ್ ಎಲ್ಲಿ?"

ಮೂಲ ಡ್ರಾಯಿಂಗ್ ಮ್ಯಾನೇಜರ ಬೀರುವಿನಲ್ಲಿತ್ತು. ತಂದು ಹಾಸಿದರು. ಮೂವರೂ ಬಗ್ಗಿ ನೋಡಿದರು. ವೃತ್ತಗಳು ಅಲ್ಲೂ ಇದ್ದವು. ಆದರೆ ಕಪ್ಪಗಿರಲಿಲ್ಲ, ಕಂದು ಬಣ್ಣಕ್ಕಿದ್ದವು. ಒಂದರ ಗೆರೆಗೆ ಇರುವೆಯೊಂದು ಅಂಟಿಕೊಂಡು ಒಣಗಿಹೋಗಿತ್ತು. ಸೌಮ್ಯಾ ಹಾಳೆಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಇದು... ಕಾಫಿ ಅಲ್ವ?"

ಶೇಖರಪ್ಪನವರು ಕ್ಯಾಂಟೀನಿನಿಂದ ಒಂದು ಲೋಟ ತರಿಸಿದರು. ಜೇಬಿನಿಂದ ವರ್ನಿಯರ್ ತೆಗೆದು ಲೋಟದ ತಳ ಅಳೆದರು, ವೃತ್ತ ಅಳೆದರು, ಇನ್ನೊಂದು ವೃತ್ತವನ್ನೂ ಅಳೆದರು. ಅವರ ಮುಖ ಸಪ್ಪಗಾಯಿತು. ಇಡೀ ಸರ್ವೀಸಿನಲ್ಲಿ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡ ಮಾಲನ್ನು ಅವರು ಕಂಡಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಯಾವ ಆಕ್ಷೇಪಣೆಯೂ ಇಲ್ಲದೆ, "ಓಕೆ," ಎಂದರು.

"ನಾವು ಕುಡಿದ ಬೈಟು ಕಾಫಿ ಮೇಡಂ," ಎಂದರು ಮತ್ತೆ, ದನಿಯಿಲ್ಲದ ದನಿಯಲ್ಲಿ. "ಒಂದು ಕಾಫಿ, ಎರಡು ಲೋಟ."

"ಎರಡು ಲೋಟ ಅಂದ್ರೆ ಇಬ್ಬರು. ಒಬ್ಬರು ನೀವು. ಇನ್ನೊಬ್ಬರು?"

ವೆಂಕಟರಮಣಪ್ಪನವರು ತಲೆಯ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕೊನೆಗೆ ಅವರು ಫ್ಯಾನಿಗೇ ಹೇಳಿದರು: "ಎಡಗಡೇದು ನಂದಿರಬೇಕು."

ಸೌಮ್ಯಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇದನ್ನ ಹೋಗಿ ನಮ್ಮ ಬಾಸ್‌ಗೆ ಹೇಳಿದ್ರೆ ಯಾರಾದ್ರೂ ನಂಬ್ತಾರಾ ಸರ್? ನಾನೇ ನಂಬ್ತಿಲ್ಲ. ಅಂದ್ರೆ ನಿಮಗ್ಯಾರಿಗೂ ನಿಜವಾಗಿ ಏನೂ ಗೊತ್ತಿರ್ಲಿಲ್ಲ?"

"ಇಲ್ಲ ಮೇಡಂ. ದೇವರಾಣೆ."

"ಗೇಮ್ಸ್ ಬಗ್ಗೆ?"

"ಈಗ ಗೊತ್ತಾಯ್ತು ಮೇಡಂ," ಎಂದರು ಶೇಖರಪ್ಪನವರು ವಿನಯದಿಂದ. "ಬಂದ ತಕ್ಷಣ ನೀವೇ ಹೇಳಿದ್ರಲ್ಲ, ಐದು ಜನಕ್ಕೆ ಮಾತ್ರ ಗೊತ್ತು ಅಂತ."

ಸೌಮ್ಯಾ ಅವರ ಮುಖದಿಂದ ಟ್ರಾಫಿಕ್ಕಿನ ಕೋಪವೆಲ್ಲ ಇಳಿದುಹೋಯಿತು. ಅವರು ಬಾಗಿಲ ಕಡೆ ನೋಡಿದರು, ಕಿಟಕಿ ಕಡೆ ನೋಡಿದರು, ಲೋಟದೊಳಗೂ ಒಮ್ಮೆ ಇಣುಕಿದರು. ಆಮೇಲೆ ಬಹಳ ಮೆತ್ತಗೆ, "ಅದಿನ್ನೂ ಏನೂ ಡಿಸೈಡ್ ಆಗಿಲ್ಲ. ಬರೀ ಯೋಚನೆ. ಬರಬಹುದು, ಬರದೇ ಇರಬಹುದು," ಎಂದರು. ಗಡ್ಡವೊಂದಿಲ್ಲ, ಉಳಿದದ್ದೆಲ್ಲ ಅದೇ ಮಾತು.

ಮೂರು ಜನ ತಪ್ಪಿತಸ್ಥರು ಒಂದೇ ಕೋಣೆಯಲ್ಲಿ ಕುಳಿತರೆ ನ್ಯಾಯ ಬೇಗ ತೀರ್ಮಾನವಾಗುತ್ತದೆ. ಇಲ್ಲಿ ಏನೂ ನಡೆದಿಲ್ಲವೆಂದು ಒಪ್ಪಂದವಾಯಿತು. ಸೌಮ್ಯಾ ಹೊಸ ಡ್ರಾಯಿಂಗ್ ಕಳಿಸುವುದಾಗಿ ಹೇಳಿ ಕಾಫಿಯನ್ನೂ ಕುಡಿಯದೆ ಹೊರಟರು. ಶೇಖರಪ್ಪನವರ ಕೆಲಸ ಉಳಿಯಿತು. ಗಾಜಿನ ಕೋಣೆ ಮಾತ್ರ ಹೊಸೂರು ರಸ್ತೆಯ ಯಾವುದೋ ಕಾರ್ಖಾನೆಯಿಂದ ಬಂದವರ ಪಾಲಾಯಿತು. ಡ್ರಾಯಿಂಗ್‌ಗಳ ಮೇಲೆ ಲೋಟ ಇಡಬಾರದು ಎಂಬ ಬೋರ್ಡು ಎಲ್ಲೆಡೆ ಬಂತು, ಮ್ಯಾನೇಜರ ಕೋಣೆಯೊಂದನ್ನು ಬಿಟ್ಟು.

ಮುತ್ತುವಿಗೆ ಯಾರೂ ಏನನ್ನೂ ವಿವರಿಸಲಿಲ್ಲ. ವಾಚ್‌ಮನ್ ಗೇಟ್ ಪಾಸನ್ನು ಕೈಗಿಟ್ಟು, "ಹೋಗು, ಕೆಲಸ ನೋಡು," ಎಂದ. ಮುತ್ತು ಹೋಗಿ ಕೆಲಸ ನೋಡಿದ. ಆದರೆ ಶೇಖರಪ್ಪನವರು ಅತ್ತ ಸುಳಿದಾಗಲೆಲ್ಲ ಅವನ ಕೈಯಲ್ಲಿನ ಪೀಸು ಜಾರಿ ಬೀಳುತ್ತಿತ್ತು. ಅದು ಬಿದ್ದ ಸದ್ದು ಶೇಖರಪ್ಪನವರ ಎದೆಗೆ ತಾಗುತ್ತಿತ್ತು. ಕೊನೆಗೆ ಭಾನುವಾರ ಬೆಳಿಗ್ಗೆ ಅವರು ಬಾಳೆಹಣ್ಣು ಕೊಂಡು, ಮುತ್ತುವಿನ ಖೋಲಿ ಹುಡುಕಿಕೊಂಡು ಹೋಗಿ, ಮೂರನೇ ಮಹಡಿ ಹತ್ತಿ ಬಾಗಿಲು ತಟ್ಟಿದರು.

ಬಾಗಿಲು ತೆಗೆದ ಮುತ್ತು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಒಳಗೆ ಸುಮಂಗಲಾ ಡಬ್ಬಿಗಳಿಗೆ ಕಾಳು ತುಂಬಿಸುತ್ತಿದ್ದಳು. ಇನ್ನೂ ಬಿಚ್ಚದ ಎರಡು ಗಂಟುಗಳು ಮೂಲೆಯಲ್ಲಿದ್ದವು.

"ಮುತ್ತು, ತಪ್ಪು ನಂದಪ್ಪ. ಕ್ಷಮಿಸು," ಎಂದರು ಶೇಖರಪ್ಪನವರು.

"ಸರ, ಖರೇನ ನಾ ಏನೂ ಮಾಡಿಲ್ರಿ," ಎಂದ ಮುತ್ತು.

"ನೀನು ಮಾಡಿಲ್ಲ. ಅದನ್ನೇ ಹೇಳೋಕೆ ಬಂದೆ. ಮಾಡಿದ್ದು ನಾನು."

"ಹಂಗ ಅನಬ್ಯಾಡ್ರಿ ಸರ. ನೀವು ಬೈದ್ರ ತಡಕೋತೇನಿ. ಹಿಂಗ ನಯವಾಗಿ ಮಾತಾಡಿದ್ರ ಎದಿ ಹೊಡಕೋತೈತ್ರಿ."

"ಅಯ್ಯೋ, ನಿಜವಾಗ್ಲೂ ಕಣೋ! ಸಂಗಣ್ಣನಿಗೆ ಮೊದಲು ಹೇಳಿದ್ದೇ ನಾನು."

"ಸಂಗಣ್ಣ ಏನಂದಾನ್ರಿ ನನ್ನ ಮ್ಯಾಲ?"

ಸುಮಂಗಲಾ ಗಂಡನ ಅಂಗಿ ಜಗ್ಗಿ ಪಿಸುಗುಟ್ಟಿದಳು. "ಮತ್ತೇನರ ಕಳುವಾಗೇತೇನ್ರಿ? ಬಾಳೇಹಣ್ಣು ಮುಟ್ಟಬ್ಯಾಡ್ರಿ. ಆಮ್ಯಾಲ ನೀವಾ ತಿಂದೀರಿ ಅಂದಾರು."

ಶೇಖರಪ್ಪನವರಿಗೆ ಕಣ್ಣು ಉರಿಯಿತು. ಇಷ್ಟು ವರ್ಷ ಎಷ್ಟು ಜನ ತಮ್ಮ ಮುಂದೆ ಹೀಗೆ ನಿಜ ಹೇಳಿ ಹೇಳಿ ಸೋತರೋ! ನಿಜವನ್ನು ಕೈಯಲ್ಲಿ ಹಿಡಿದುಕೊಂಡು ನಿಂತರೂ ಎದುರಿನವನು ನಂಬದಿದ್ದರೆ ಎಷ್ಟು ಸಂಕಟವಾಗುತ್ತದೆಂದು ಅವರಿಗೆ ಇವತ್ತೇ ತಿಳಿದದ್ದು. ಅವರು ಹಣ್ಣನ್ನು ಹೊಸ್ತಿಲ ಮೇಲಿಟ್ಟು ಕೈಮುಗಿದರು. "ನಂಬೋ ಮಾರಾಯ. ನಿನ್ನ ಹೆಸರು ಹೇಳಬಾರದಿತ್ತು. ಹೇಳಿದೆ. ಮೇಡಂ ಮುಂದೆ ಒಪ್ಕೊಂಡೂ ಬಂದೆ. ನನಗೆ ನಿನ್ನಿಂದ ಏನೂ ಬೇಡ. ನಂಬಿದೆ ಅನ್ನು, ಸಾಕು."

ಮುತ್ತು ಹೆಂಡತಿಯ ಮುಖ ನೋಡಿದ. ಹೆಂಡತಿ ಹಣ್ಣಿನ ಮುಖ ನೋಡಿದಳು.

"ಆತ್ರಿ ಸರ. ನಂಬೇನ್ರಿ," ಎಂದ ಮುತ್ತು.

ಶೇಖರಪ್ಪನವರ ಎದೆ ಹಗುರಾಯಿತು. ಸುಮಂಗಲಾ ಕೊಟ್ಟ ಚಹಾ ಕುಡಿದು, ಆ ಖೋಲಿ ಚೆನ್ನಾಗಿದೆಯೆಂದು ಹೊಗಳಿ, ಮೆಟ್ಟಿಲಿಳಿಯತೊಡಗಿದರು. ಮನಸ್ಸು ಎಷ್ಟು ತಿಳಿಯಾಗಿತ್ತೆಂದರೆ, ಒಂದು ಮಹಡಿ ಇಳಿಯುವವರೆಗೆ ಅವರಿಗೆ ಯಾರ ಮೇಲೂ ಏನೂ ಅನ್ನಿಸಲಿಲ್ಲ. ಎರಡನೇ ಮಹಡಿಯಲ್ಲಿ ಕಾಲು ತಾನಾಗಿ ನಿಂತಿತು.

ಅಲ್ಲ, ಅಷ್ಟು ಹೊತ್ತು ಜಪ್ಪಯ್ಯ ಅಂದರೂ ನಂಬದವನು ಹೆಂಡತಿಯ ಮುಖ ನೋಡಿದ ಕೂಡಲೇ ನಂಬಿದ್ದು ಹೇಗೆ? ನಂಬಿದ್ದೇ ನಿಜವೋ, ನಾನು ತೊಲಗಿದರೆ ಸಾಕೆಂದು ನಂಬಿದೆ ಅಂದನೋ? ಅದರಲ್ಲೇನೋ ಇದೆ.

ಅವರು ತಿರುಗಿ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ಒಳಗೆ ಕಾಳಿನ ಸದ್ದು ನಿಂತಿತು. ಆಮೇಲೆ, ಬಾಗಿಲು ತೆಗೆಯದೆಯೇ, ಮುತ್ತುವಿನ ದನಿ ಬಂತು:

"ಸರ, ಇದನ್ನೂ ನಾ ಮಾಡಿಲ್ರಿ!"